ದಿನವಿಡೀ ಮನೆಯಲ್ಲೇ ಇರುತ್ತೇನೆ, ಆದರೂ ಮಕ್ಕಳ ಜೊತೆ ಇಲ್ಲ ಅನಿಸುತ್ತೆ

ಪ್ರಶ್ನೆ: ಅಸ್ಸಲಾಮು ಅಲೈಕುಮ್ ಮೇಡಮ್. ನಾನು ಹಳೇ ಹುಬ್ಬಳ್ಳಿಯವಳು, ವಯಸ್ಸು 34. ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಯಜಮಾನರು ಸೌದಿಯ ದಮ್ಮಾಮ್‌ನಲ್ಲಿ ಡ್ರೈವರ್, ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಮಗಳಿಗೆ 12, ದೊಡ್ಡ ಮಗನಿಗೆ 8, ಚಿಕ್ಕವನಿಗೆ 4. ಅತ್ತೆ ನಮ್ಮ ಜೊತೆಗಿದ್ದಾರೆ. ಮಕ್ಕಳಿಗೆ ಬೆಳಿಗ್ಗೆ ಆರೂವರೆಗೆ ಮದರಸಾ, ಆಮೇಲೆ ಶಾಲೆ, ಸಂಜೆ ಟ್ಯೂಷನ್. ಮಲಗುವಾಗ ಹನ್ನೊಂದಾಗುತ್ತೆ. ನಾನು ದಿನವಿಡೀ ಮನೆಯಲ್ಲೇ ಇರುತ್ತೇನೆ. ಆದರೆ 'ನಮಾಜ್ ಆಯ್ತಾ, ಸಬಕ್ (ಮದರಸಾ ಪಾಠ) ಓದಿದ್ಯಾ, ಹೋಮ್‌ವರ್ಕ್ ಎಲ್ಲಿ' ಬಿಟ್ಟರೆ ಬೇರೆ ಒಂದು ಮಾತೂ ಆಡಿರೋದಿಲ್ಲ. ಚಿಕ್ಕವನ ಕೈಗೆ ಮೊಬೈಲ್ ಕೊಟ್ಟು ಮಷೀನ್ ಮುಂದೆ ಕೂರುತ್ತೇನೆ. ದೊಡ್ಡವನ ಮೇಲೆ ದಿನಾ ಕೂಗಾಡುತ್ತೇನೆ, ಒಮ್ಮೊಮ್ಮೆ ಕೈಯೂ ಎತ್ತಿದ್ದೇನೆ. ಮಗಳು ಈಗೀಗ ಬಾಯೇ ಬಿಡೋದಿಲ್ಲ. ಮೊಬೈಲಲ್ಲಿ ಬೇರೆ ಅಮ್ಮಂದಿರನ್ನು ನೋಡಿದರೆ ಐದು ವರ್ಷದ ಮಕ್ಕಳಿಗೆ ಕುರ್‌ಆನ್‌ನ ಎಷ್ಟೆಷ್ಟೋ ಸೂರಾ ಬಾಯಿಪಾಠ, ಗೋಡೆ ತುಂಬಾ ಚಾರ್ಟು. 'ಮಕ್ಕಳು ಕೆಟ್ಟರೆ ನಾಳೆ ಅಲ್ಲಾಹ್ ನಿನ್ನನ್ನೇ ಕೇಳ್ತಾನೆ' ಅಂತ ಅತ್ತೆ ಹೇಳುತ್ತಾರೆ. ಹೊಲಿಗೆ ಬಿಟ್ಟುಬಿಡಲಾ? ಮಕ್ಕಳಿಗೆ ದಿನಕ್ಕೆ ಎಷ್ಟು ಹೊತ್ತು ಕೊಟ್ಟರೆ ಸಾಕು?

ಉತ್ತರ: ವಅಲೈಕುಮ್ ಅಸ್ಸಲಾಮ್. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದರೊಳಗೊಂದು ಸೇರಿಕೊಂಡಿವೆ. ಮಕ್ಕಳ ಜೊತೆ ಎಷ್ಟು ಹೊತ್ತು ಇರಬೇಕು ಅನ್ನೋದು ಒಂದು. ನಾನು ಒಳ್ಳೆಯ ಮುಸ್ಲಿಂ ತಾಯಿ ಹೌದೋ ಅಲ್ಲವೋ ಅನ್ನೋದು ಇನ್ನೊಂದು. ಈ ಎರಡನೆಯ ಭಯ ನಿಮ್ಮಲ್ಲಿ ತುಂಬಾ ಜಾಸ್ತಿ ಇದೆ. ಮಗ ಎದುರಿಗೆ ಬಂದ ಕೂಡಲೇ ಅವನು ಬಿಟ್ಟ ನಮಾಜ್ ನೆನಪಾಗುತ್ತೆ, ಮಗಳು ಬಂದರೆ ಓದದ ಸಬಕ್ ನೆನಪಾಗುತ್ತೆ. ಸಿಗುವ ಹೊತ್ತೆಲ್ಲ ವಿಚಾರಣೆಯಲ್ಲೇ ಮುಗಿದುಹೋಗುತ್ತೆ. ಸಲಹೆ ಕೇಳಿ ನನ್ನ ಹತ್ತಿರ ಬರುವ ಎಷ್ಟೋ ತಾಯಂದಿರ ಮನೆಯಲ್ಲಿ ಇದೇ ನಡೆಯುತ್ತಿದೆ. ನಾನೂ ಇಂಥದ್ದೇ ಮನೆಯಲ್ಲಿ ಬೆಳೆದವಳು, ಆದ್ದರಿಂದ ನಿಮ್ಮ ಭಯ ಹೊಸದೇನೂ ಅಲ್ಲ.

ಮೊದಲು ಗಂಟೆಯ ಲೆಕ್ಕ ಮುಗಿಸೋಣ. ಅಮೆರಿಕದ ಕುಟುಂಬಗಳ ಮಾಹಿತಿ ಇಟ್ಟುಕೊಂಡು ಸಮಾಜಶಾಸ್ತ್ರಜ್ಞೆ ಮೆಲಿಸ್ಸಾ ಮಿಲ್ಕಿ ಮತ್ತು ಸಂಗಡಿಗರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 3ರಿಂದ 11 ವರ್ಷದ ಮಕ್ಕಳಲ್ಲಿ, ತಾಯಿ ಎಷ್ಟು ಗಂಟೆ ಜೊತೆಗಿದ್ದಳು ಅನ್ನೋದಕ್ಕೂ ಮಗುವಿನ ನಡವಳಿಕೆ, ಮನಸ್ಸು, ಓದು ಇವುಗಳಿಗೂ ಹೇಳಿಕೊಳ್ಳುವಂಥ ಸಂಬಂಧ ಅವರಿಗೆ ಸಿಗಲಿಲ್ಲ. ಆದರೆ 12ರಿಂದ 18 ವರ್ಷದ ಮಕ್ಕಳಲ್ಲಿ, ತಾಯಿ ಮನಸ್ಸಿಟ್ಟು ಜೊತೆಗಿದ್ದ ಹೊತ್ತು ಜಾಸ್ತಿ ಇದ್ದಷ್ಟೂ ದಾರಿ ತಪ್ಪುವುದು ಕಡಿಮೆ ಇತ್ತು. ಅಲ್ಲಿನ ಮನೆಗಳ ಲೆಕ್ಕ ಇಲ್ಲಿಗೆ ಹಾಗೇ ಹೊಂದುತ್ತೆ ಅಂತ ನಾನು ಹೇಳೋದಿಲ್ಲ. ಆದರೆ ನಾನು ದಿನಾ ನೋಡುವುದೂ ಇದನ್ನೇ. ನಾವೆಲ್ಲ ಚಿಕ್ಕವನಿಗೇ ಅಮ್ಮ ಜಾಸ್ತಿ ಬೇಕು, ದೊಡ್ಡವಳು ಹೇಗೋ ತನ್ನ ಪಾಡಿಗೆ ತಾನು ಇರ್ತಾಳೆ ಅಂದುಕೊಳ್ಳುತ್ತೇವೆ. ನಿಮ್ಮ ಮನೆಯಲ್ಲಿ ಈಗ ಎಲ್ಲರಿಗಿಂತ ಮೊದಲು ನಿಮ್ಮ ಹೊತ್ತು ಬೇಕಾಗಿರೋದು 12 ವರ್ಷದ ಮಗಳಿಗೆ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಜೊತೆಗಿರೋದು ಅಂದರೆ ಏನು? 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ತಾಯಿ ಕೂಸಿನ ಜೊತೆ ಆಡುತ್ತಾ ಇದ್ದವಳು, ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಸುಮ್ನೆ ನೋಡುತ್ತಾ ಕೂರಬೇಕು. ಕೂಸು ಮೊದಲು ನಗುತ್ತೆ, ಕೈ ಚಾಚುತ್ತೆ, ಕೂಗಿ ಕರೆಯುತ್ತೆ. ಉತ್ತರ ಬರದಿದ್ದಾಗ ಮುಖ ತಿರುಗಿಸಿ ಅಳುತ್ತೆ. ತಾಯಿ ಎದುರಿಗೇ ಇದ್ದಾಳೆ, ಆದರೂ ಮಗುವಿನ ಪಾಲಿಗೆ ಇಲ್ಲ. ಹೊಲಿಗೆ ಮೇಲೆ ಕಣ್ಣಿಟ್ಟು 'ಹ್ಞೂಂ, ಹ್ಞೂಂ' ಅನ್ನುವಾಗ ನಿಮ್ಮ ಚಿಕ್ಕವನಿಗೂ ಅಷ್ಟಿಷ್ಟು ಹೀಗೇ ಆಗುತ್ತೆ.

ಇದನ್ನು ಓದಿ ಗಾಬರಿಯಾಗಬೇಡಿ. ಟ್ರಾನಿಕ್ ಅವರೇ ಕಂಡುಕೊಂಡ ಇನ್ನೊಂದು ಮಾತಿದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಎಲ್ಲ ಸರಿಯಿರುವ ಮನೆಗಳಲ್ಲೂ ತಾಯಿ ಮಗು ಒಬ್ಬರಿಗೊಬ್ಬರು ಹೊಂದಿಕೊಳ್ಳದೆ ಇರುವ ಹೊತ್ತೇ ಜಾಸ್ತಿ. ಮಗುವಿಗೆ ಬೇಕಾಗಿರೋದು ತಪ್ಪಿದ ಮೇಲೆ ಮತ್ತೆ ಸರಿಮಾಡಿಕೊಳ್ಳುವ ತಾಯಿ. ಕೂಗಿದ ಮೇಲೆ ಅರ್ಧ ಗಂಟೆ ಬಿಟ್ಟು ಮಗನ ಹತ್ತಿರ ಹೋಗಿ, 'ಬೇಟಾ, ನಾನು ಅಷ್ಟು ಕೂಗಬಾರದಿತ್ತು' ಅನ್ನಿ. ಅದಕ್ಕೆ 'ಆದರೆ ನೀನೂ' ಅಂತ ಬಾಲ ಸೇರಿಸಬೇಡಿ. ಹಾಗೆ ಅಂದರೆ ತಲೆ ಮೇಲೆ ಹತ್ತಿ ಕೂರ್ತಾನೆ ಅಂತ ಅತ್ತೆ ಹೇಳಬಹುದು. ಹಾಗಾಗಿದ್ದನ್ನು ನಾನಂತೂ ಕಂಡಿಲ್ಲ.

ಈಗ ಧರ್ಮದ ವಿಷಯ. ನಾನು ಆಲಿಮಾ (ಧರ್ಮ ಪಂಡಿತೆ) ಅಲ್ಲ, ಫಿಕ್ಹ್‌ನ (ಧರ್ಮದ ನಿಯಮಗಳ) ಪ್ರಶ್ನೆಗಳಿಗೆ ತಿಳಿದವರನ್ನೇ ಕೇಳಿ. ಆದರೆ ನಮ್ಮ ಮನೆಗಳಲ್ಲಿ ಭಯ ಹುಟ್ಟಿಸುವ ಮಾತುಗಳು ಓಡಾಡಿದಷ್ಟು, ಮಕ್ಕಳ ಜೊತೆ ಪ್ರವಾದಿಯವರು ಹೇಗಿದ್ದರು ಅನ್ನುವ ಮಾತುಗಳು ಓಡಾಡುವುದಿಲ್ಲ. ಇದು ನನಗೆ ಬೇಸರದ ವಿಷಯ. ಪ್ರವಾದಿಯವರ ಸೇವೆಯಲ್ಲಿದ್ದ ಅನಸ್ ಅವರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಚಿಕ್ಕ ಹಕ್ಕಿ ಸಾಕಿದ್ದ, ಅದು ಸತ್ತುಹೋಯಿತು. ಹುಡುಗ ಸಪ್ಪಗಿದ್ದಾಗ ಪ್ರವಾದಿಯವರು ಅವನನ್ನು ಕೇಳಿದ್ದು ಆ ಹಕ್ಕಿಯ ವಿಷಯ. ಆ ಹೊತ್ತಿನಲ್ಲಿ ಪಾಠ ಕೇಳಲಿಲ್ಲ. ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಜ್ ಮಾಡಿದ್ದು, ಹಿಂದಿನ ಸಾಲಿನಲ್ಲಿ ಮಗು ಅತ್ತರೆ ತಾಯಿಗೆ ಕಷ್ಟವಾಗುತ್ತೆ ಅಂತ ನಮಾಜ್ ಚಿಕ್ಕದು ಮಾಡಿದ್ದು ಬುಖಾರಿ ಅನ್ನುವ ಹದೀಸ್ (ಪ್ರವಾದಿಯವರ ನಡೆ, ನುಡಿ) ಸಂಗ್ರಹದಲ್ಲೇ ಇದೆ. ಮಗುವಿನ ಜೊತೆ ಆಡಿದ ಹೊತ್ತು ದೀನ್‌ನಿಂದ (ಧರ್ಮದಿಂದ) ಕದ್ದ ಹೊತ್ತಲ್ಲ.

ಅತ್ತೆ ಹೇಳುವ ಮಾತಿಗೂ ಹದೀಸ್ ಇದೆ, ನಿಜ. ಪ್ರತಿಯೊಬ್ಬರೂ ಕಾಯುವವರು, ಪ್ರತಿಯೊಬ್ಬರನ್ನೂ ಅವರವರ ಹೊಣೆಯ ಬಗ್ಗೆ ಕೇಳಲಾಗುತ್ತೆ ಅಂತ. ಅದೇ ಹದೀಸ್‌ನಲ್ಲಿ ಮನೆಯ ಗಂಡಸನ್ನೂ ಹೆಸರಿಸಿ ಹೇಳಿದೆ. ದಮ್ಮಾಮ್‌ನಲ್ಲಿರುವವರ ಪಾಲಿನ ಹೊಣೆಯನ್ನೂ ನೀವೊಬ್ಬರೇ ಹೊರಬೇಕು ಅಂತ ಅಲ್ಲಿಲ್ಲ.

ದೊಡ್ಡ ಮಗನ ನಮಾಜ್ ವಿಷಯಕ್ಕೆ ಬರೋಣ. ಏಳು ವರ್ಷಕ್ಕೆ ಮಕ್ಕಳಿಗೆ ನಮಾಜ್ ಹೇಳಿ ಅನ್ನುವ ಹದೀಸ್ ನಿಮಗೆ ಗೊತ್ತು. ಏಳಕ್ಕೆ ಹೇಳಿಕೊಡಲು ಶುರು ಮಾಡಿ ಅಂದರೆ, ಎಂಟಕ್ಕೆ ಐದೂ ಹೊತ್ತು ತಪ್ಪಬಾರದು ಅಂತ ಆಗುವುದಿಲ್ಲ. ಏಳರಿಂದ ಹತ್ತರವರೆಗೆ ಮೂರು ವರ್ಷ. ದಿನಕ್ಕೆ ಐದರಂತೆ ಐದು ಸಾವಿರಕ್ಕೂ ಹೆಚ್ಚು ಸಲ ಮಗುವನ್ನು ಪ್ರೀತಿಯಿಂದ ಕರೆಯುವ ಅವಕಾಶ. ಹತ್ತಕ್ಕೆ ಹೊಡೆಯಿರಿ ಅಂತಲೂ ಇದೆಯಲ್ಲ ಅಂತ ಯಾರಾದರೂ ಅಂದರೆ, ಅದರ ಅರ್ಥವನ್ನು, ಮಿತಿಯನ್ನು ಒಬ್ಬ ಒಳ್ಳೆಯ ಆಲಿಮ್ ಹತ್ತಿರ ಕೇಳಿ. ನಿಮ್ಮ ಮಗನಿಗೆ ಇನ್ನೂ ಎಂಟೇ. ನನ್ನ ಕೆಲಸದಲ್ಲಿ ನಾನು ಕಂಡದ್ದು ಇಷ್ಟು: ನಮಾಜ್‌ಗಾಗಿ ಏಟು ತಿಂದ ಹುಡುಗ ಸುಳ್ಳು ಹೇಳುವುದನ್ನು ಬೇಗ ಕಲಿಯುತ್ತಾನೆ. 'ಆಯ್ತು' ಅಂತಾನೆ, ನಮಾಜ್‌ಗೆ ಮುಂಚೆ ತೊಳೆದುಕೊಂಡ ಹಾಗೆ ಕಾಲು ಒದ್ದೆ ಮಾಡಿಕೊಂಡು ಬಂದು ತೋರಿಸುತ್ತಾನೆ. ಕೈ ಎತ್ತುವುದನ್ನು ಇವತ್ತೇ ನಿಲ್ಲಿಸಿ. 'ನಮಾಜ್ ಆಯ್ತಾ' ಅನ್ನುವ ಬದಲು ಮಗ್ರಿಬ್‌ಗೆ (ಸೂರ್ಯ ಮುಳುಗಿದ ಮೇಲಿನ ನಮಾಜ್) 'ಬಾ, ನನ್ನ ಪಕ್ಕದಲ್ಲಿ ನಿನ್ನ ಜಾನಮಾಜ್ (ನಮಾಜ್ ಚಾಪೆ) ಹಾಸು' ಅನ್ನಿ. ಸದ್ಯಕ್ಕೆ ಆ ಒಂದು ಹೊತ್ತು ಸಾಕು. ಸಲಾಮ್ ಆದ ಮೇಲೆ ಅಲ್ಲೇ ಎರಡು ನಿಮಿಷ ಕೂತು, ಇವತ್ತು ಯಾರಿಗೆ ದುಆ (ಪ್ರಾರ್ಥನೆ) ಮಾಡೋಣ ಅಂತ ಅವನನ್ನೇ ಕೇಳಿ. ಜಗಳವಾಡಿದ ಗೆಳೆಯ, ಜ್ವರ ಬಂದ ಟೀಚರ್, ಅಬ್ಬಾನ ಗಾಡಿ, ಹೀಗೆ ಅವನ ದಿನವೆಲ್ಲ ಆ ದುಆದಲ್ಲಿ ಹೊರಗೆ ಬರುತ್ತೆ.

ಅವನ ಹಟಕ್ಕೆ ಇನ್ನೊಂದು ಕಾರಣ ನಿಮ್ಮ ಪತ್ರದಲ್ಲೇ ಇದೆ. ರಾತ್ರಿ ಹನ್ನೊಂದಕ್ಕೆ ಮಲಗಿ ಆರೂವರೆಗೆ ಮದರಸಾದಲ್ಲಿರಬೇಕಾದರೆ ಅವನು ಏಳುವುದು ಐದೂಮುಕ್ಕಾಲಿಗಾದರೂ ಆಗಬೇಕು. ಅಂದರೆ ನಿದ್ದೆ ಏಳು ಗಂಟೆಗೂ ಕಡಿಮೆ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ಬೇಕು. ನಿದ್ದೆಗೆಟ್ಟ ಮಗು ದೊಡ್ಡವರ ಹಾಗೆ ತೂಕಡಿಸುವುದಿಲ್ಲ. ಸಿಡುಕುತ್ತೆ, ಮಾತು ಕೇಳುವುದಿಲ್ಲ, ಕೂತಲ್ಲಿ ಕೂರುವುದಿಲ್ಲ. ನಾವು ಅದನ್ನು ಕೆಟ್ಟ ಬುದ್ಧಿ ಅಂತ ತಿಳಿದು ಕೂಗುತ್ತೇವೆ. ನಿಮ್ಮ ಮನೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಲು ಸಾಧ್ಯ ಅಂದರೆ ನಾನು ಇದನ್ನೇ ಆರಿಸುತ್ತೇನೆ: ಊಟ ಮಗ್ರಿಬ್ ಆದ ಮೇಲೆ ಬೇಗ, ಇಬ್ಬರು ಗಂಡುಮಕ್ಕಳು ಒಂಬತ್ತಕ್ಕೆ ಹಾಸಿಗೆಗೆ. ಇದಕ್ಕೆ ಏನಾದರೂ ಬಿಡಬೇಕಾಗುತ್ತೆ. ಎರಡನೇ, ಮೂರನೇ ಕ್ಲಾಸಿನ ಹುಡುಗನಿಗೆ ದಿನಾ ಟ್ಯೂಷನ್ ಬೇಕೇ ಅಂತ ಯೋಚಿಸಿ. ಅಥವಾ ಮದರಸಾದಲ್ಲಿ ಅಸರ್ (ಸಂಜೆಯ ನಮಾಜ್) ಆದ ಮೇಲಿನ ಬ್ಯಾಚ್ ಇದ್ದರೆ ಅದಕ್ಕೆ ಹಾಕಿಕೊಳ್ಳಿ ಅಂತ ಅಲ್ಲಿನ ಹಜರತ್ (ಗುರುಗಳು) ಅವರನ್ನು ಕೇಳಿ. ಟ್ಯೂಷನ್ ಬಿಡಿಸಿದರೆ ಮೊದಲ ತಿಂಗಳು ಮಾರ್ಕ್ಸ್ ಸ್ವಲ್ಪ ಇಳಿಯಬಹುದು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಚಿಕ್ಕವನಿಗೆ ದಿನಕ್ಕೆ ಐದು ನಿಮಿಷ ಸಾಕು. ನಂಬಿಕೆ ಬರೋದಿಲ್ಲ ಅಲ್ವಾ? ಅಮೆರಿಕದ ಶೀಲಾ ಐಬರ್ಗ್ ಅನ್ನುವ ಮನಃಶಾಸ್ತ್ರಜ್ಞೆ 1970ರ ದಶಕದಲ್ಲಿ, ಹಟಮಾರಿ ಚಿಕ್ಕ ಮಕ್ಕಳಿಗಾಗಿ ಒಂದು ಚಿಕಿತ್ಸಾ ಕ್ರಮ ರೂಪಿಸಿದರು. ಅದರ ಮೊದಲ ಹಂತದಲ್ಲಿ ತಾಯಿಗೆ ದಿನಾ ಮನೆಯಲ್ಲಿ ಕೊಡುವ ಕೆಲಸ ಅಷ್ಟೇ: ಐದು ನಿಮಿಷ ಮಗು ಹೇಳಿದ ಹಾಗೆ ಆಟ. ಆದರೆ ಆ ಐದು ನಿಮಿಷದಲ್ಲಿ ಅಪ್ಪಣೆ ಕೊಡಬಾರದು, ತಪ್ಪು ಹಿಡಿಯಬಾರದು, ಪ್ರಶ್ನೆಯನ್ನೂ ಕೇಳಬಾರದು. ಅವನು ಖಾಲಿ ದಾರದ ರೀಲುಗಳನ್ನು ಸಾಲಾಗಿ ನಿಲ್ಲಿಸಿ ಬಸ್ಸು ಮಾಡುತ್ತಿದ್ದಾನೆ ಅನ್ನಿ. ನಮಗೆ ತಕ್ಷಣ ಬಾಯಿಗೆ ಬರೋದು 'ಇದು ಯಾವ ಬಣ್ಣ? ಎಷ್ಟಿವೆ ಎಣಿಸು' ಅಂತ. ಅದೂ ಪರೀಕ್ಷೆಯೇ. ಅದರ ಬದಲು 'ಕೆಂಪು ಮುಂದೆ ಹೋಯ್ತು, ಹಸಿರು ಹಿಂದೆ ಬಂತು, ಓಹೋ, ಬಸ್ಸು ತಿರುಗ್ತು' ಅಂತ ಅವನು ಮಾಡಿದ್ದನ್ನೇ ಹೇಳುತ್ತಾ ಕೂರಿ. ಮೂರ್ನಾಲ್ಕು ದಿನ ನಿಮಗೆ ಇದು ವಿಚಿತ್ರ ಅನಿಸುತ್ತೆ. ಪ್ರಶ್ನೆ ಕೇಳದೆ ಮಗುವಿನ ಜೊತೆ ಐದು ನಿಮಿಷ ಕಳೆಯೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತೆ. ಅವನು ಹಟ ಮಾಡಿದ ದಿನವೂ ಇದನ್ನು ತಪ್ಪಿಸಬೇಡಿ. ಶಿಕ್ಷೆ ಅಂತ ಕಿತ್ತುಕೊಳ್ಳುವ ವಸ್ತು ಇದಲ್ಲ.

ಮೊಬೈಲ್ ಬಗ್ಗೆ: 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಸೂರಾ, ನಾತ್ (ಪ್ರವಾದಿಯವರ ಸ್ತುತಿಗೀತೆ) ಹಾಕಿಕೊಟ್ಟರೆ ಪರವಾಗಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿದೆ. ಪರದೆ ಪರದೆಯೇ. ಒಂದೇ ಸಲ ಕಿತ್ತುಕೊಂಡರೆ ರಂಪ ಆಗುತ್ತೆ, ನಿಮ್ಮ ಕೆಲಸವೂ ಕೆಡುತ್ತೆ. ಒಂದು ಡಬ್ಬಿ ತುಂಬ ಬಟ್ಟೆ ಚೂರು, ಖಾಲಿ ರೀಲು, ದೊಡ್ಡ ಗುಂಡಿ, ಹಳೇ ಟೇಪು ಹಾಕಿ, ನೀವು ಹೊಲಿಯಲು ಕೂತಾಗ ಮಾತ್ರ ಅದು ಹೊರಗೆ ಬರಲಿ. ಸೂಜಿ, ಕತ್ತರಿ, ಇಸ್ತ್ರಿ ಪೆಟ್ಟಿಗೆ ಅವನ ಕೈಗೆ ಸಿಗದ ಎತ್ತರದಲ್ಲಿರಲಿ. ಮಷೀನಿನ ಬೆಲ್ಟ್ ಕಡೆ ಅವನು ಕೂರದ ಹಾಗೆ ನೋಡಿಕೊಳ್ಳಿ.

ಇನ್ನು ಮಗಳು. ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಅವಳಿಗೆ ಮುಟ್ಟು ಶುರುವಾಗಿದೆಯಾ? ಆಗಿದ್ದರೆ ತಮ್ಮಂದಿರು, ದಾದಿ (ಅಜ್ಜಿ) ಎಲ್ಲರ ಎದುರು 'ನಮಾಜ್ ಆಯ್ತಾ' ಅಂತ ಕೇಳಿದಾಗ ಅವಳು ಏನು ಹೇಳಬೇಕು? ಸುಳ್ಳು ಹೇಳಬೇಕು, ಇಲ್ಲ ನಾಚಿಕೆಯಿಂದ ಸುಮ್ಮನಿರಬೇಕು. ರಂಜಾನ್‌ನಲ್ಲಿ ಅಡುಗೆ ಮನೆಯ ಬಾಗಿಲ ಹಿಂದೆ ನಿಂತು, ಯಾರಾದರೂ ಬಂದಾರು ಅಂತ ಗಬಗಬ ತಿನ್ನುವ ಹುಡುಗಿಯರ ಮಾತು ನಾನು ತುಂಬಾ ಕೇಳಿದ್ದೇನೆ. ಕೆಲವರು ಹಸಿದೇ ಇದ್ದುಬಿಡುತ್ತಾರೆ. ಆ ದಿನಗಳಲ್ಲಿ ನಮಾಜ್, ರೋಜಾ (ಉಪವಾಸ) ಇಲ್ಲ ಅಂತ ಇಸ್ಲಾಮೇ ಹೇಳಿರುವಾಗ ಅವಳು ಕಳ್ಳಿಯ ಹಾಗೆ ಯಾಕಿರಬೇಕು? ಎಲ್ಲರ ಎದುರು ಕೇಳುವುದನ್ನು ನಿಲ್ಲಿಸಿ. 'ನಿನಗೆ ರಜೆ ಇದ್ದಾಗ ನನಗೆ ಸನ್ನೆ ಮಾಡು, ನಾವಿಬ್ಬರೂ ಚಹಾ ಕುಡಿಯೋಣ' ಅನ್ನಿ. ಇಬ್ಬರಿಗೂ ಗೊತ್ತಿರುವ ಈ ಚಿಕ್ಕ ಗುಟ್ಟಿನಿಂದ ಎಷ್ಟೋ ತಾಯಿ ಮಗಳ ನಡುವೆ ನಿಂತ ಮಾತು ಮತ್ತೆ ಶುರುವಾಗಿದೆ.

ಈ ವಯಸ್ಸಿನ ಮಕ್ಕಳು ಎದುರು ಬದುರು ಕೂರಿಸಿಕೊಂಡು 'ಏನಾಯ್ತು ಹೇಳು' ಅಂದರೆ ಹೇಳೋದಿಲ್ಲ. ಕೈಗೆ ಏನೋ ಕೆಲಸ, ಕಣ್ಣು ಬೇರೆ ಕಡೆ ಇದ್ದಾಗ ಹೇಳುತ್ತಾರೆ. ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುವ ಹೊತ್ತು, ಈದ್ ಹಿಂದಿನ ರಾತ್ರಿ ಮೆಹೆಂದಿ ಹಚ್ಚುವ ಹೊತ್ತು, ನೀವು ಬ್ಲೌಸಿಗೆ ಹುಕ್ಸ್ ಹಾಕುವಾಗ ಅವಳು ಪಕ್ಕದಲ್ಲಿ ಕೂತ ಹೊತ್ತು. ತಮ್ಮಂದಿರು ಒಂಬತ್ತಕ್ಕೆ ಮಲಗಿದರೆ ಆಮೇಲಿನ ಅರ್ಧ ಗಂಟೆ ಅವಳದು. ಅವಳು ಏನಾದರೂ ಹೇಳಿದರೆ ತಕ್ಷಣ ಬುದ್ಧಿ ಹೇಳಬೇಡಿ. ಹುಡುಗನ ವಿಷಯ ಬಂದರೂ, ಸ್ಕಾರ್ಫ್ ಬೇಡ ಅಂದರೂ, ಕ್ಲಾಸಿನಲ್ಲಿ ಯಾರೋ ಧರ್ಮ ಎತ್ತಿ ಚುಚ್ಚಿದರು ಅಂದರೂ, ಮೊದಲು 'ಆಮೇಲೆ?' ಅನ್ನಿ. ಉತ್ತರ ನಾಳೆ ಕೊಟ್ಟರೂ ಆಗುತ್ತೆ.

ಇದರಲ್ಲೂ ಒಂದು ಅಪಾಯ ಇದೆ. ಅಪ್ಪ ದೂರ ಇರುವ ಮನೆಯಲ್ಲಿ ದೊಡ್ಡ ಮಗಳು ತನಗರಿವಿಲ್ಲದೆ ಎರಡನೇ ಅಮ್ಮ ಆಗಿಬಿಡುತ್ತಾಳೆ. ತಮ್ಮನಿಗೆ ಊಟ, ದಾದಿಗೆ ಮಾತ್ರೆ, ಅಮ್ಮನ ಕಣ್ಣೀರಿಗೆ ಹೆಗಲು. ಸಾಲದ ವಿಷಯ, ಅತ್ತೆಯ ಮೇಲಿನ ಸಿಟ್ಟು ಅವಳ ಹತ್ತಿರ ಹೇಳಿಕೊಳ್ಳಬೇಡಿ. ಅದಕ್ಕೆ ಅಕ್ಕ ತಂಗಿಯರಿದ್ದಾರೆ, ಗೆಳತಿಯರಿದ್ದಾರೆ.

ಹೊಲಿಗೆ ಬಿಡಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ದುಡಿದು ನಾಲ್ಕು ಕಾಸು ಕಂಡ ತಾಯಿಯ ಧೈರ್ಯ ಮಕ್ಕಳಿಗೂ ತಟ್ಟುತ್ತೆ. ಪ್ರವಾದಿಯವರ ಪತ್ನಿಯರಲ್ಲೇ ಖದೀಜಾ ಅವರು ವ್ಯಾಪಾರ ಮಾಡಿದವರು, ಝೈನಬ್ ಬಿಂತ್ ಜಹಶ್ ಅವರು ತಮ್ಮ ಕೈಯಾರೆ ಚರ್ಮ ಹದ ಮಾಡಿ, ಹೊಲಿದು, ಬಂದದ್ದನ್ನು ದಾನ ಕೊಟ್ಟವರು. ಕೆಲಸ ಬಿಟ್ಟರೆ ಹಣದ ಚಿಂತೆ ಜಾಸ್ತಿಯಾಗಿ, ಅದೇ ಕೂಗಾಟ ಬೇರೆ ದಾರಿಯಲ್ಲಿ ಬರುತ್ತೆ. ಆದರೆ ಮಷೀನಿಗೆ ಮುಚ್ಚುವ ಹೊತ್ತು ಬೇಕು. ಮಕ್ಕಳು ಟ್ಯೂಷನ್‌ನಿಂದ ಬಂದ ಮೇಲೆ ಅದರ ಮೇಲೆ ಬಟ್ಟೆ ಮುಚ್ಚಿಬಿಡಿ. ಒಂದಿಬ್ಬರು ಗಿರಾಕಿಗಳು ಬೇರೆ ಕಡೆ ಹೋಗಬಹುದು, ತಿಂಗಳಿಗೆ ಸ್ವಲ್ಪ ಆದಾಯ ಕಡಿಮೆ ಆಗಬಹುದು. ಲೆಕ್ಕ ಹಾಕಿ ನಿರ್ಧರಿಸಿ. ಚಿಕ್ಕವನನ್ನು ಬೆಳಗಿನ ಹೊತ್ತು ಅಂಗನವಾಡಿಗೆ ಕಳಿಸುತ್ತಿಲ್ಲ ಅಂದರೆ ಅದನ್ನೂ ನೋಡಿ, ನಿಮಗೆ ಎರಡು ಮೂರು ಗಂಟೆ ನಿರಾಳವಾಗಿ ಹೊಲಿಯಲು ಸಿಗುತ್ತೆ.

ಯಜಮಾನರ ಪಾಲು. ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ. ನಮ್ಮ ರಾತ್ರಿ ಎಂಟೂವರೆಗೆ ಅಲ್ಲಿ ಸಂಜೆ ಆರು. ಶುಕ್ರವಾರ ಅಲ್ಲಿ ರಜೆ. ಹಾಗಾಗಿ ಶುಕ್ರವಾರ ಸಂಜೆ ಒಬ್ಬೊಬ್ಬ ಮಗುವಿನ ಜೊತೆ ಬೇರೆ ಬೇರೆಯಾಗಿ ಹತ್ತು ನಿಮಿಷ ಮಾತಾಡಲಿ. ಆ ಹತ್ತು ನಿಮಿಷದಲ್ಲಿ ಮಾರ್ಕ್ಸ್, ನಮಾಜ್ ವರದಿ ಬೇಡ. 'ಅಬ್ಬಾಗೆ ಹೇಳ್ತೀನಿ ನೋಡು' ಅನ್ನುವ ಬೆದರಿಕೆಯನ್ನೂ ಬಿಡಿ. ದೂರದಲ್ಲಿರುವ ಅಪ್ಪನ ಹೆಸರು ಕೇಳಿದರೆ ಮಕ್ಕಳಿಗೆ ಭಯ ಒಂದೇ ಉಳಿದರೆ, ಅವರು ರಜೆಗೆ ಬಂದಾಗ ಇಬ್ಬರಿಗೂ ಕಷ್ಟ.

ಈಗೀಗ ರಂಜಾನ್ ಫೆಬ್ರುವರಿ, ಮಾರ್ಚ್‌ನಲ್ಲಿ, ಪರೀಕ್ಷೆಯ ಹತ್ತಿರವೇ ಬರುತ್ತಿದೆ. ನಿಮಗೆ ಈದ್ ಆರ್ಡರ್‌ಗಳ ಒತ್ತಡವೂ ಆಗಲೇ. ಇಪ್ಪತ್ತನೇ ರೋಜಾ ಆದ ಮೇಲೆ ಹೊಸ ಬಟ್ಟೆ ತೆಗೆದುಕೊಳ್ಳುವುದಿಲ್ಲ ಅಂತ ಮೊದಲೇ ಬೋರ್ಡ್ ಬರೆದು ಹಾಕಿ. ಎಂಟರವನಿಗೆ ಅರ್ಧ ದಿನದ ಚಿಡಿಯಾ ರೋಜಾ ಸಾಕು. ಚಾರ್ಟು, ಕ್ಯಾಲೆಂಡರ್ ಮಾಡುವ ಮನಸ್ಸಿದ್ದರೆ ಮಾಡಿ, ಇಲ್ಲದಿದ್ದರೆ ಬೇಡ. ಇಫ್ತಾರ್‌ಗೆ ಖರ್ಜೂರದ ತಟ್ಟೆ ಹಂಚುವ ಕೆಲಸ ಮಗನಿಗೆ ಕೊಟ್ಟರೆ ಅವನಿಗೆ ರಂಜಾನ್ ನೆನಪಿರುತ್ತೆ.

ಕೊನೆಗೆ, ಇಷ್ಟರಿಂದ ಆಗದ ಕೆಲವು ಇರುತ್ತವೆ. ಮಗಳು ಎರಡು ವಾರಕ್ಕಿಂತ ಹೆಚ್ಚು ಕಾಲ ಸರಿಯಾಗಿ ಊಟ, ನಿದ್ದೆ ಮಾಡದಿದ್ದರೆ, ಶಾಲೆಗೆ ಹೋಗಲ್ಲ ಅಂದರೆ, ಇಷ್ಟದ ಕೆಲಸಗಳನ್ನೆಲ್ಲ ಬಿಟ್ಟರೆ ಕಾಯಬೇಡಿ. ಮೈಮೇಲೆ ಗಾಯ ಮಾಡಿಕೊಂಡಿದ್ದರೆ, ಸಾಯುವ ಮಾತಾಡಿದರೆ ಒಂದು ದಿನವೂ ತಡ ಬೇಡ. ನಜರ್ (ಕೆಟ್ಟ ದೃಷ್ಟಿ) ಆಗಿದೆ ಅಂತ ಮನೆಯಲ್ಲಿ ಹೇಳಬಹುದು. ದುಆ ಓದಿ ಊದಿಸಿ, ಅದಕ್ಕೆ ನನ್ನ ತಕರಾರಿಲ್ಲ. ಜೊತೆಗೆ ಡಾಕ್ಟರ್ ಹತ್ತಿರವೂ ಹೋಗಿ. ಔಷಧಿ ಮಾಡಿಕೊಳ್ಳಿ ಅಂತ ಪ್ರವಾದಿಯವರೇ ಹೇಳಿದ್ದಾರೆ. ನಿಮಗೇ ದಿನಾ ಅಳು ಬರುತ್ತಿದ್ದರೆ, ಮಕ್ಕಳ ಸದ್ದೇ ಬೇಡ ಅನಿಸುತ್ತಿದ್ದರೆ ನಿಮಗೂ ಇದೇ ಮಾತು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಧಾರವಾಡದ ಡಿಮ್ಹಾನ್ಸ್ (ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ) ಹತ್ತಿರವೇ ಇದೆ. ಹೋಗುವುದಾದರೆ ಎಲ್ಲಿಗೆ, ಯಾಕೆ ಹೋಗುತ್ತಿದ್ದೇವೆ ಅಂತ ಮಗಳಿಗೆ ಮೊದಲೇ ಹೇಳಿ. ಖಾಲಾ (ಚಿಕ್ಕಮ್ಮ) ಮನೆಗೆ ಅಂತ ಸುಳ್ಳು ಹೇಳಿ ಕರೆತಂದ ಮಕ್ಕಳಿಗೆ ನಮ್ಮ ಎದುರು ಬಾಯಿ ಬಿಡಲು ತುಂಬಾ ದಿನ ಹಿಡಿಯುತ್ತೆ.